ಓರೆ ಹೆಗಲಿನ ಗುಳ್ಳವ್ವ

“ಗಣಪ್ಪ ಎಲ್ಲೆರ ಹಿಂಗ ಹಲ್ಲು ಕಿಸೀತಾನೇನವಾ?”

ಪವಮಾನ ಸರ್ ಕೇಳಿದ್ದೇ ತಡ, ಶಾಲೆಯ ಪಡಸಾಲೆಯಲ್ಲಿ ಕುಳಿತಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಐದನೆಯ ಇಯತ್ತೆಯ ರೇಷ್ಮಾಳ ಮುಂದೆ, ಹಲಗೆಯ ಮೇಲೆ, ಮಣ್ಣಿನ ಗಣಪತಿ ಕುಳಿತಿದ್ದ. ಸೊಂಡಿಲ ಕೆಳಗೆ ಅವನ ಬಾಯಿ ಅಗಲವಾಗಿ ತೆರೆದಿತ್ತು. ಎಡಗಡೆಯ ಹೆಗಲು ಬಲಗಡೆಗಿಂತ ತಗ್ಗಾಗಿತ್ತು.

“ಲಾಡು ತಿಂದಾನ್ರೀ ಸರ. ಅದಕ್ಕ ನಗಾಕತ್ತಾನ,” ಎಂದಳು ರೇಷ್ಮಾ.

“ಮತ್ತ ಈ ಹೆಗಲಾ?”

“ಬೋರಿನಿಂದ ನೀರ ತಂದಾನ್ರೀ. ಕೊಡ ಹೊತ್ತು ಹೊತ್ತು ಜಗ್ಗೇತ್ರಿ.”

“ಗಣಪ್ಪಂದೂ ಮುಳುಗಡಿ ಮನೀನ ಐತ್ರೀ ಸರ! ನಳಾನ ಬಂದಿಲ್ಲ!” ಎಂದು ಹಿಂದಿನಿಂದ ಬಾಳೇಶ ಕೂಗಿದ. ಮತ್ತೆ ನಗೆ.

ಸರ್ ನಗಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು, ಹೆಬ್ಬೆರಳಿನಿಂದ ಗಣಪತಿಯ ಬಾಯನ್ನು ಮೆಲ್ಲಗೆ ಮುಚ್ಚಿದರು. ಎಡಹೆಗಲಿಗೆ ಚೂರು ಮಣ್ಣು ಮೆತ್ತಿ, ಮೇಲೆ ಸ್ಕೇಲ್ ಇಟ್ಟು ನೋಡಿದರು.

“ನಿನ್ನ ಕೈ ಭಾಳ ಛಲೋ ಅದ ರೇಷ್ಮಾ. ಅದಕ್ಕ ಹೇಳ್ಲಿಕ್ಕತ್ತೇನಿ. ಸ್ಪರ್ಧಾದಾಗ ಗಣಪ್ಪ ಗಣಪ್ಪನ ಹಂಗ ಇರಬೇಕು.”

ಸರ್ ಕೆಟ್ಟವರಲ್ಲ. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ದಿನ್ನೆಯ ಮೇಲೆ ಕಟ್ಟಿದ ಈ ಹೊಸ ಊರಿಗೆ ಅವರು ತಾವಾಗಿಯೇ ಕೇಳಿಕೊಂಡು ಬಂದಿದ್ದರು. ಹೋದ ವರ್ಷ ಬೀಳಗಿಯಲ್ಲಿ ನಡೆದ ಶಾಲಾ ಮಕ್ಕಳ ಮಣ್ಣಿನ ಮೂರ್ತಿ ಸ್ಪರ್ಧೆಯಲ್ಲಿ, “ನಿಮ್ಮ ಮನಸ್ಸಿಗೆ ಬಂದದ್ದು ಮಾಡ್ರಿ,” ಎಂದವರೂ ಅವರೇ. ಮಕ್ಕಳು ಕೋಳಿ, ಟ್ರ್ಯಾಕ್ಟರ್, ನೀರಿನೊಳಗಿಂದ ಇಣುಕುವ ಗುಡಿಯ ಶಿಖರ ಮಾಡಿದ್ದರು. “ಮುಳುಗಡಿ ಸಾಲಿ ಹುಡುಗ್ರ ಮಣ್ಣು ಇನ್ನಾ ಒಣಗಿಲ್ಲ ಬಿಡ್ರಿ,” ಎಂದು ತೀರ್ಪುಗಾರರೊಬ್ಬರು ನಕ್ಕಿದ್ದರು. ಬಸ್ಸಿನಲ್ಲಿ ಮರಳುವಾಗ ಸರ್ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತವರು ಊರು ಬರುವವರೆಗೆ ತಿರುಗಲೇ ಇಲ್ಲ.

ಅದನ್ನು ರೇಷ್ಮಾ ನೋಡಿದ್ದಳು. ಆದ್ದರಿಂದ ಈಗ ಮರುಮಾತಾಡದೆ ಗಣಪತಿಯನ್ನು ಮುದ್ದೆ ಮಾಡಿ, ಮೊದಲಿನಿಂದ ಶುರು ಮಾಡಿದಳು.

ಅದು ಆಷಾಢ ಮಾಸ. ಆಷಾಢದ ಪ್ರತಿ ಮಂಗಳವಾರ ಅಲ್ಲಿಯ ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವ ಎಂಬ ಪುಟ್ಟ ದೇವಿಯನ್ನು ಮಾಡುತ್ತಾರೆ. ಅವಳಿಗೆ ಗುಲಗಂಜಿಯ ಕಣ್ಣು, ಕುಸುಬಿ ಕಾಳಿನ ಸರ. ಸಂಜೆ ಅವಳನ್ನು ಹೊತ್ತು ಮನೆಮನೆಯ ಮುಂದೆ ಹಾಡಿ, ಆಮೇಲೆ ನೀರಿಗೆ ಬಿಡುತ್ತಾರೆ.

ರೇಷ್ಮಾಳ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಗುಳ್ಳವ್ವನನ್ನು ಮಾಡುತ್ತ ಮಾಡುತ್ತಲೇ ಅವಳ ಹಾಡನ್ನೂ ಕಟ್ಟಬೇಕು. ಒಬ್ಬ ಗುಳ್ಳವ್ವನ ಹಾಡನ್ನು ಇನ್ನೊಬ್ಬಳಿಗೆ ಹಾಡುವಂತಿಲ್ಲ. “ಆಕಿ ಹಾಡು ಆಕಿ ಸಂಗಾಟ ನೀರಿಗೆ ಹೋಗಬೇಕವಾ,” ಎನ್ನುತ್ತಿದ್ದಳು ಅಜ್ಜಿ ಶಂಕ್ರೆವ್ವ. ರೇಷ್ಮಾ ಅವಳನ್ನು ಆಯಿ ಎಂದು ಕರೆಯುತ್ತಿದ್ದಳು.

ಮೊದಲ ಮಂಗಳವಾರದ ಗುಳ್ಳವ್ವ ಓರೆ ಹೆಗಲಿನವಳು. ನೀರಿನ ಸರದಿಯಲ್ಲಿ ಜಗಳಾಡಿ ಬಂದವಳು. ಎರಡನೆಯವಳು ತವರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡು, ಸೀರೆ ಎತ್ತಿ ಹಿಡಿದು ಓಡುತ್ತಿದ್ದವಳು. “ಇಕಿ ಎಲ್ಲಿಗ್ ಹೊಂಟಾಳಬೇ?” ಎಂದು ಐದು ವರ್ಷದ ತಂಗಿ ಶೇವಂತಿ ಪ್ರತಿ ಸಲ ಕೇಳುತ್ತಿದ್ದಳು. ರೇಷ್ಮಾ ಹಾಡಿನಲ್ಲಿಯೇ ಉತ್ತರ ಹೇಳುತ್ತಿದ್ದಳು. ಹಾಡು ಬಂದರೆ ಕೈ ಓಡುತ್ತಿತ್ತು. ಕೈ ಓಡಿದರೆ ಹಾಡು ಬರುತ್ತಿತ್ತು.

ಶಾಲೆಯಲ್ಲಿ ಮಾತ್ರ ಹಾಗೆ ನಡೆಯುವಂತಿರಲಿಲ್ಲ.

“ಗುನುಗಬ್ಯಾಡವಾ,” ಎಂದರು ಸರ್. “ಅಲ್ಲಿ ಬಾಯಿ ತಗದ್ರ ಮಾರ್ಕ್ಸ್ ಕಟ್ ಮಾಡ್ತಾರ.”

ರೇಷ್ಮಾ ತುಟಿ ಕಚ್ಚಿಕೊಂಡು ಕುಳಿತಳು. ಶಾಲೆ ಬಿಟ್ಟ ಮೇಲೂ ಅಭ್ಯಾಸ ನಡೆಯಿತು. ಕಿವಿ ಅಳೆಯಲು ಸ್ಕೇಲ್, ಹೊಟ್ಟೆ ಅಳೆಯಲು ದಾರ. ಒಂದು ಗಣಪತಿ ಮುಗಿದರೆ ಅದನ್ನು ಮುರಿದು ಅಂಥದೇ ಇನ್ನೊಂದು.

“ಗಣಪ್ಪನ ಫ್ಯಾಕ್ಟರಿ ಚಾಲೂ ಆತಲೇ!” ಎಂದು ಬಾಳೇಶ ಹೋಗುತ್ತ ಬರುತ್ತ ಚುಡಾಯಿಸಿದ.

ಕೆಲವು ದಿನಗಳ ಮೇಲೆ ತುಟಿ ಕಚ್ಚುವ ಅಗತ್ಯವೇ ಬೀಳಲಿಲ್ಲ. ಗುನುಗು ತಾನಾಗಿಯೇ ನಿಂತದ್ದು ಯಾವ ದಿನ ಎಂದು ರೇಷ್ಮಾಳಿಗೆ ತಿಳಿಯಲೇ ಇಲ್ಲ.

ಮೂರನೆಯ ಮಂಗಳವಾರ ಅವಳು ಅಭ್ಯಾಸ ಮುಗಿಸಿ ಮನೆಗೆ ಬಂದಾಗ ದೀಪ ಹಚ್ಚಿ ಆಗಿತ್ತು. ಹುಡುಗಿಯರೆಲ್ಲ ಹಾಡಿ ಮುಗಿಸಿದ್ದರು. ಶೇವಂತಿ ಗುಲಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲೇ ಕುಳಿತಿದ್ದಳು.

“ನಿನ್ನ ಸಂಗಾಟ ಟೂ ಬಿಟ್ಟೇನಿ ಹೋಗ!”

“ಅಳಬ್ಯಾಡ ಶೇವಿ. ಮುಂದಿನ ಮಂಗಳಾರ ಮಾಡಿಕೊಡ್ತೇನಿ. ಎಲ್ಲಾರಕಿಂತ ಛಲೋ ಗುಳ್ಳವ್ವ, ಎಲ್ಲಾರಕಿಂತ ಛಲೋ ಹಾಡು.”

“ಅದು ಕಡೀ ಮಂಗಳಾರಬೇ.”

“ಖರೆ ಹೇಳ್ತೇನಿ. ಆಣಿ.”

ಶೇವಂತಿ ಆಣೆಯನ್ನು ಪೂರ್ತಿ ನಂಬಿ ಡಬ್ಬಿಯ ಮುಚ್ಚಳ ಹಾಕಿದಳು.

ಸ್ಪರ್ಧೆ ಆ ಶನಿವಾರ ನಡೆಯಿತು. ಬೀಳಗಿಯ ದೊಡ್ಡ ಹಾಲ್‌ನಲ್ಲಿ ಬೇರೆ ಬೇರೆ ಊರುಗಳ ಮಕ್ಕಳು ಸಾಲಾಗಿ ಕುಳಿತಿದ್ದರು. ಸಮಯ ಮುಗಿದ ಗಂಟೆ ಹೊಡೆದಾಗ ರೇಷ್ಮಾ ತಲೆಯೆತ್ತಿ ನೋಡಿದಳು. ಆ ತುದಿಯಿಂದ ಈ ತುದಿಯವರೆಗೆ ಗಣಪತಿಗಳು. ಅದೇ ಸೊಂಡಿಲು, ಅದೇ ಹೊಟ್ಟೆ. ಒಬ್ಬನೇ ಗಣಪತಿ ಕನ್ನಡಿಗಳ ನಡುವೆ ಸಿಕ್ಕಿಕೊಂಡು ಹೊರಬರಲಾರದೆ ಕುಳಿತಂತಿತ್ತು.

ತೀರ್ಪುಗಾರ್ತಿ ರತ್ನಾಬಾಯಿ ಮೇಡಂ ಅವಳ ಮುಂದೆ ನಿಂತರು. “ಇದರ ಅರ್ಥ ಏನವಾ?”

“ದೊಡ್ಡ ಕಿವಿ ಅಂದ್ರ ಹೆಚ್ಚು ಕೇಳಬೇಕ್ರಿ. ಸಣ್ಣ ಬಾಯಿ ಅಂದ್ರ ಕಡಿಮಿ ಮಾತಾಡಬೇಕ್ರಿ,” ಎಂದು ರೇಷ್ಮಾ ಕಲಿಸಿದ್ದನ್ನು ಒಪ್ಪಿಸಿದಳು.

“ಶಾಬಾಸ್!”

ಪಕ್ಕದ ಹುಡುಗನೂ ಅದನ್ನೇ ಹೇಳಿದ. ಅವನಿಗೂ ಶಾಬಾಸ್ ಸಿಕ್ಕಿತು.

ಸಾಲಿನ ಕೊನೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಎಮ್ಮೆ ಮಾಡಿದ್ದಳು. “ಇದರ ಅರ್ಥ?” ಎಂದರು ಮೇಡಂ.

“ಎಮ್ಮಿರೀ. ಕರ ಕಾಣವಲ್ದು, ಹುಡಕಾಕತ್ತೈತ್ರಿ.”

“ಆತು, ಆತು,” ಎಂದು ಮೇಡಂ ಮುಂದೆ ಹೋದರು.

ರೇಷ್ಮಾ ಆ ಎಮ್ಮೆಯನ್ನು ನೋಡಿದಳು. ‘ಕಾಲು ಸಮ ಇಲ್ಲ,’ ಎಂದುಕೊಂಡಳು. ಅದು ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿದ್ದದ್ದು ಆಮೇಲೆ.

ಮೊದಲ ಬಹುಮಾನ ರೇಷ್ಮಾಳಿಗೇ ಬಂತು. ಬಸ್ಸಿನಲ್ಲಿ ಸರ್ ಎಲ್ಲ ಮಕ್ಕಳಿಗೂ ಪೇಪರ್‌ಮಿಂಟ್ ಹಂಚಿದರು. “ಇನ್ನ ಯಾರರೆ ಮುಳುಗಡಿ ಸಾಲಿ ಅನ್ನಲಿ, ನೋಡೋಣಂತ!” ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು. ರೇಷ್ಮಾಳಿಗೆ ನಿಜವಾಗಿಯೂ ಖುಷಿಯಾಯಿತು.

ಕಡೆಯ ಮಂಗಳವಾರ ಆಯಿ ಹಿನ್ನೀರಿನ ದಂಡೆಯಿಂದ ಕರಿಮಣ್ಣು ತಂದು, ನಾದಿ ಇಟ್ಟಿದ್ದಳು. ರೇಷ್ಮಾ ಕಟ್ಟೆಯ ಮೇಲೆ ಕುಳಿತಳು. ಶೇವಂತಿ ಡಬ್ಬಿ ತೆರೆದು ಎದುರಿಗೆ ಕುಳಿತಳು.

“ಹಾಡಬೇ ಯಕ್ಕಾ.”

ರೇಷ್ಮಾ ಬಾಯಿ ತೆರೆದಳು. ದೊಡ್ಡ ಕಿವಿ, ಸಣ್ಣ ಬಾಯಿ ಎಂಬ ಮಾತುಗಳು ನಾಲಿಗೆಯ ತುದಿಗೆ ಬಂದವು. ಅವನ್ನು ನುಂಗಿ, ಬೇರೆಯದಕ್ಕಾಗಿ ಕಾದಳು. ಏನೂ ಬರಲಿಲ್ಲ.

ಕೈಗಳು ಮಾತ್ರ ಕಾಯಲಿಲ್ಲ. ತಮ್ಮ ಪಾಡಿಗೆ ತಾವು ಹೊಟ್ಟೆ ದುಂಡಗೆ ಮಾಡಿದವು, ಹೆಗಲು ಸಮ ಮಾಡಿದವು, ಅಂಚು ನುಣ್ಣಗೆ ಮಾಡಿದವು. ಸ್ಕೇಲ್ ಬೇಕಾಗಲಿಲ್ಲ.

“ಇಕಿ ಎಲ್ಲಿಗ್ ಹೊಂಟಾಳ?” ಎಂದಳು ಶೇವಂತಿ.

ರೇಷ್ಮಾ ಗುಳ್ಳವ್ವನ ಮುಖ ನೋಡಿದಳು. “ಎಲ್ಲಿಗೂ ಇಲ್ಲ. ಸುಮ್ಮ ಕುಂತಾಳ.”

“ಯಾಕ?”

“ಯಾಕಂದ್ರ... ಕುಂತಾಳ.”

ಆಯಿ ಗುಳ್ಳವ್ವನನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. “ಅಂಗಡ್ಯಾಗ ತಂದಂಗ ಆಗ್ಯಾಳವಾ,” ಎಂದಳು. ಆಯಿ ಹೊಗಳಿದಳೋ ಏನೋ ತಿಳಿಯಲಿಲ್ಲ.

ಆಯಿ ಒಳಗೆ ಹೋದ ಮೇಲೆ ರೇಷ್ಮಾ ಗುಳ್ಳವ್ವನನ್ನು ಮುರಿದಳು. ಕಣ್ಣು ಮುಚ್ಚಿಕೊಂಡು ಮತ್ತೆ ಮಾಡಿದಳು. ಬೇಕೆಂದೇ ಒಂದು ಹೆಗಲನ್ನು ತಗ್ಗಿಸಿದಳು. ಆ ಹೆಗಲು ನೀರು ಹೊತ್ತದ್ದರಂತೆ ಕಾಣಲಿಲ್ಲ. ಬರೀ ತಪ್ಪಿದಂತೆ ಕಾಣಿಸಿತು. ಬೆರಳು ತಡೆಯಲಾರದೆ ಅದನ್ನು ಸರಿಮಾಡಿಬಿಟ್ಟಿತು. ಮೊದಲಿನವಳೇ ತಿರುಗಿ ಬಂದು ಹಲಗೆಯ ಮೇಲೆ ಸುಮ್ಮನೆ ಕುಳಿತಳು.

ಅಷ್ಟರಲ್ಲಿ ಶೇವಂತಿ ಉಳಿದ ಮಣ್ಣಿನಲ್ಲಿ ತಾನೇ ಏನೋ ಮಾಡತೊಡಗಿದ್ದಳು. ಒಂದು ಉದ್ದ ಮುದ್ದೆ. ಒಂದು ಕಣ್ಣು ಹಣೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ.

“ಗುಳ್ಳವ್ವ ಬಂದ್ಲು, ಭಜಿ ತಿಂದ್ಲು, ಹೊಟ್ಟ್ಯಾಗಿಂದ ನೋಡತಾಳ, ಇನ್ನೆಷ್ಟ್ ಅದಾವಂತ...” ಎಂದು ಅವಳು ತಲೆಯಾಡಿಸುತ್ತ ಹಾಡುತ್ತಿದ್ದಳು.

ರೇಷ್ಮಾಳ ಕೈ ಮುಂದೆ ಹೋಯಿತು. ಹೊಟ್ಟೆಯ ಮೇಲಿನ ಗುಲಗಂಜಿಯನ್ನು ಕಿತ್ತು, ಮುಖದ ಮೇಲೆ, ಮತ್ತೊಂದು ಕಣ್ಣಿಗೆ ಸಮನಾಗಿ ಒತ್ತಿತು. ಉಗುರಿನಿಂದ ಸುತ್ತಲಿನ ಮಣ್ಣನ್ನು ನುಣ್ಣಗೆ ಮಾಡಿತು.

ಹಾಡು ನಿಂತಿತು.

ಶೇವಂತಿ ತನ್ನ ಗುಳ್ಳವ್ವನನ್ನು ನೋಡಿದಳು. ಹಲಗೆಯ ಮೇಲೆ ಕುಳಿತ ಅಕ್ಕನ ಗುಳ್ಳವ್ವನನ್ನು ನೋಡಿದಳು. ಆಮೇಲೆ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಎರಡೂ ಅಂಗೈ ಕೂಡಿಸಿ ತನ್ನದನ್ನು ಹಿಚುಕಿ ಮುದ್ದೆ ಮಾಡಿದಳು.

“ಶೇವಿ! ನಿಂದ ಛಲೋ ಇತ್ತಲ್ಲ...”

“ನಂದು ಸರಿ ಇರಲಿಲ್ಲ,” ಎಂದಳು ಶೇವಂತಿ.

ಓಣಿಯಲ್ಲಿ ಹುಡುಗಿಯರ ಸದ್ದು ಕೇಳಿಸಿತು. “ಶೇವಂತೀ, ಬರ್ತೀಯೋ ಇಲ್ಲೋ?”

“ತಡೀರಿ! ನಮ್ಮ ಅಕ್ಕ ನಂಗೂ ಅಂಥಾದ್ದ ಮಾಡಿಕೊಡತಾಳ!”

ಶೇವಂತಿ ಮಣ್ಣಿನ ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿ ಅಕ್ಕನ ಮುಂದೆ ಹಿಡಿದಳು. ರೇಷ್ಮಾ ಆ ಮುದ್ದೆಯನ್ನೇ ನೋಡುತ್ತ, ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಶೇವಂತಿ ಹಿಡಿದೇ ಇದ್ದಳು.