ನಾಲ್ಕನೇ ಕಂಬದ ಸದ್ದು

ಬೆಳಿಗ್ಗೆ ಒಂಬತ್ತು ಗಂಟೆ. ನಾಲ್ಕು ರಸ್ತೆ ಕೂಡುವಲ್ಲಿ ಒಂದು ವ್ಯಾನು ಅಡ್ಡ ನಿಂತಿತ್ತು. ಅದರ ಚಕ್ರದಡಿ ಕಪ್ಪು ಕನ್ನಡಕ ಪುಡಿಯಾಗಿತ್ತು. ಸಬ್ ಇನ್ಸ್‌ಪೆಕ್ಟರ್ ಬಂದಿಳಿಯುವಷ್ಟರಲ್ಲಿ ಪೆಟ್ಟು ತಿಂದವನನ್ನು ಆಂಬುಲೆನ್ಸ್ ಒಯ್ದಾಗಿತ್ತು. ಜನರ ತೀರ್ಪೂ ಹೊರಬಿದ್ದಾಗಿತ್ತು.

“ಕುರುಡನದ್ದೇ ತಪ್ಪು ಮೇಡಂ,” ಎಂದ ಕಾನ್‌ಸ್ಟೆಬಲ್. “ವ್ಯಾನಿಗೆ ಹಸಿರು ದೀಪ ಇತ್ತು. ಹನ್ನೆರಡು ಜನ ನೋಡಿದ್ದಾರೆ.”

“ಹನ್ನೆರಡು ಜನ ನೋಡಿದ್ರು. ಒಬ್ಬರೂ ಕೈ ಹಿಡಿದು ಎಳೀಲಿಲ್ವಾ?”

ಕಾನ್‌ಸ್ಟೆಬಲ್ ಟೋಪಿ ಸರಿಮಾಡಿಕೊಂಡ.

ಅಲ್ಲಿ ಮೂಲೆಗೊಂದರಂತೆ ನಾಲ್ಕು ಕಂಬ. ಒಂದೊಂದಕ್ಕೂ ಒಂದು ಪೆಟ್ಟಿಗೆ. ವಾಹನ ನಿಂತು ದಾರಿ ಬಿಟ್ಟಾಗ ಆ ದಾರಿಯ ಪೆಟ್ಟಿಗೆ ಟಕ್ ಟಕ್ ಎನ್ನಬೇಕು. ಕಣ್ಣಿಲ್ಲದವರಿಗೆ ಅದೇ ಹಸಿರು ದೀಪ. ಅವನು ರಸ್ತೆಗಿಳಿದದ್ದು ನಾಲ್ಕನೇ ಕಂಬದ ಬಳಿ.

ಸಿಗ್ನಲ್ ಮೆಕ್ಯಾನಿಕ್ ಬಂದ. ನರೆತ ಕೂದಲು, ಮೆದು ಮಾತು. ಮೂರು ಕಂಬಗಳ ಗುಂಡಿ ಒತ್ತಿ, ಹಿಂದೆ ಸರಿದು, ಕೈಕಟ್ಟಿ ಸದ್ದು ಆಲಿಸಿದ. ನಾಲ್ಕನೆಯದಕ್ಕೆ ಕಿವಿ ಹಚ್ಚಿ ಗುಂಡಿ ಒತ್ತಿದ. ತಲೆಯಾಡಿಸಿದ. ‘ನಾಲ್ಕೂ ಸರಿ ಇವೆ’ ಎಂದು ಬರೆದು ಸಹಿ ಹಾಕಿದ.

ಸಬ್ ಇನ್ಸ್‌ಪೆಕ್ಟರ್ ಕೂಡ ತನ್ನ ವರದಿಗೆ ‘ಪಾದಚಾರಿಯ ಅಜಾಗರೂಕತೆ’ ಎಂದು ಸೇರಿಸಿದಳು. ಎರಡೇ ಪದ. ಅರ್ಧ ನಿಮಿಷದ ಕೆಲಸ.

*

ಆಸ್ಪತ್ರೆಯಲ್ಲಿ ಅವನ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ನೀರು ಸರಬರಾಜು ಕಚೇರಿಯ ಟೆಲಿಫೋನ್ ಆಪರೇಟರ್. ಹನ್ನೊಂದು ವರ್ಷದಿಂದ ಅದೇ ದಾರಿಯಲ್ಲಿ ಒಬ್ಬನೇ ಓಡಾಡಿದವನು.

“ಟಕ್ ಟಕ್ ಕೇಳಿಸ್ತು. ಹೆಜ್ಜೆ ಇಟ್ಟೆ.”

“ಕೇಳಿಸ್ತಂತೆ!” ಎಂದಳು ಪಕ್ಕದಲ್ಲಿದ್ದ ಅಕ್ಕ. “ಏನೋ ಯೋಚನೆ ಮಾಡ್ಕೊಂಡು ನಡೆದಿರ್ತಾನೆ. ಸಾಕು ಮೇಡಂ, ಇನ್ನು ಇವನು ಒಬ್ಬನೇ ಹೊಸಿಲು ದಾಟೋ ಹಾಗಿಲ್ಲ. ಕೆಲಸ ಬಿಡಿಸ್ತೀನಿ.”

“ಅಕ್ಕಾ, ನಂಗೆ ನಲವತ್ತೆರಡು.”

“ನಲವತ್ತಮೂರು ಆಗ್ಲಿ ಅಂತಲೇ ಹೇಳ್ತಿರೋದು!”

ಅವನು ಮುಖವನ್ನು ಸಬ್ ಇನ್ಸ್‌ಪೆಕ್ಟರ್ ಕಡೆ ತಿರುಗಿಸಿದ. “ಮೇಡಂ, ಕಾಲು ಮುರೀತು, ಕೂಡುತ್ತೆ. ನನ್ನ ಕಿವಿ ತಪ್ಪಾಗಿ ಕೇಳಿಸ್ಕೊಂಡಿದ್ರೆ ನಾಳೆಯಿಂದ ನಾನೇ ಅದನ್ನ ನಂಬಲ್ಲ. ಆಮೇಲೆ ಅಕ್ಕ ನನ್ನನ್ನ ಕೂಡಿಹಾಕೋದೇ ಬೇಕಿಲ್ಲ.”

*

ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಸಬ್ ಇನ್ಸ್‌ಪೆಕ್ಟರ್ ನಾಲ್ಕನೇ ಕಂಬದ ಕೆಳಗೆ ನಿಂತಳು. ಕಣ್ಣು ಮುಚ್ಚಿದಳು. ಹಾರನ್ನು, ಬ್ರೇಕು, ಯಾರದೋ ಕೆಮ್ಮು. ನಡುವೆ ಸಣ್ಣಗೆ ಟಕ್ ಟಕ್. ಹೆಜ್ಜೆ ಇಟ್ಟಳು.

ಕಾನ್‌ಸ್ಟೆಬಲ್ ಆಕೆಯ ಬೆಲ್ಟು ಹಿಡಿದೆಳೆದ. ಮೂಗಿನ ಮುಂದೆ ಬಸ್ಸು ಹಾದುಹೋಯಿತು.

“ಮೇಡಂ! ಮಕ್ಕಳು ಮರಿ ಇರೋನು ನಾನು, ಹೆದರಿಸ್ಬೇಡಿ!”

“ಸದ್ದು ಬಂತಲ್ರೀ?”

“ಅದು ಆ ಮೂಲೇದು, ಮೂರನೇ ಕಂಬದ್ದು. ನಮ್ಮದಿನ್ನೂ ಬಡ್ಕೊಂಡೇ ಇಲ್ಲ.”

ಆಕೆ ಕಾದಳು. ನಾಲ್ಕನೆಯದು ಬಡಿಯಿತು. ತಲೆಯ ಮೇಲೇ ಇದ್ದರೂ ಅಷ್ಟೇ ಸಣ್ಣಗೆ. ಆಚೆ ಮೂಲೆಯದಕ್ಕೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ.

ಬೇರೆ ವಾರ್ಡಿನ ಮೆಕ್ಯಾನಿಕ್ಕನ್ನು ಕರೆಸಿದಳು. ಆತ ತ್ರಿಕೋನ ತುದಿಯ ತನ್ನ ಕೀಲಿಯಿಂದ ಪೆಟ್ಟಿಗೆ ತೆರೆದ. ಸದ್ದು ಬರುವ ಜಾಲರಿಯ ಹಿಂದೆ ಉಣ್ಣೆಯಂಥ ದಪ್ಪ ಹಸಿರು ಬಟ್ಟೆಯ ತುಂಡು ಅಂಟಿಕೊಂಡಿತ್ತು.

ಕಾನ್‌ಸ್ಟೆಬಲ್‌ನ ಕಣ್ಣು ಮಿಂಚಿತು. ಎದುರಿನ ಕಟ್ಟಡದ ಗಡಿಯಾರ ರಿಪೇರಿಯವನ ಮೇಜಿಗೆ ಹಾಸಿದ್ದು ಅಂಥದೇ ಬಟ್ಟೆ. ಈ ಸದ್ದಿನ ವಿರುದ್ಧ ಏಳು ದೂರು ಬರೆದವನೂ ಅವನೇ.

“ಎಂಟು,” ಎಂದು ತಿದ್ದಿದ ಗಡಿಯಾರದವ, ಭೂತಗನ್ನಡಿ ಕಣ್ಣಿಂದ ತೆಗೆಯದೆ. ತುಂಡನ್ನು ಹಿಡಿದು ನೋಡಿದ. “ಇಷ್ಟು ಸೊಟ್ಟಗೆ ಕತ್ತರಿಸಿದ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕು. ಆ ಪೆಟ್ಟಿಗೆ ಕೀಲೀನೂ ನನ್ಹತ್ರ ಇಲ್ಲ.”

“ಸದ್ದು ಕಡಿಮೆ ಆಗಿದ್ದು ಗೊತ್ತಾಯ್ತಾ?”

“ಮೊನ್ನೆ ಸಂಜೆಯಿಂದ. ಇಡೀ ಕಟ್ಟಡಕ್ಕೇ ಗೊತ್ತು. ನೆಮ್ಮದಿಯಾಗಿ ನಿದ್ದೆ ಮಾಡಿದ್ವಿ.” ಭೂತಗನ್ನಡಿ ತೆಗೆದ. “ಯಾಕೆ ಕಡಿಮೆ ಆಯ್ತು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಅಷ್ಟೇ. ಒಂಬತ್ತನೇ ದೂರು ಬರೆಯೋಕೆ ಕೈ ಬರಲಿಲ್ಲ ನೋಡಿ.”

*

ನರೆತ ಕೂದಲಿನ ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ಗ್ರೀಸಿನ ವಾಸನೆ. ಆಕೆ ಬಟ್ಟೆಯ ತುಂಡನ್ನು ಬೆಂಚಿನ ಮೇಲಿಟ್ಟಳು.

“ಈ ವಾರ್ಡಿನಲ್ಲಿ ಆ ಪೆಟ್ಟಿಗೆ ಕೀಲಿ ಇರೋದು ನಿಮ್ಮೊಬ್ಬರ ಕೈಲಿ. ಅಷ್ಟರಿಂದಲೇ ನಿಮ್ಮನ್ನ ಹಿಡೀತಿರಲಿಲ್ಲ. ಕೀಲಿ ಕದೀಬಹುದು. ಆದ್ರೆ ನಿನ್ನೆ ಮೂರು ಕಂಬದ ಸದ್ದನ್ನ ದೂರ ನಿಂತು ಕೇಳಿದ್ರಿ. ನಾಲ್ಕನೆಯದಕ್ಕೆ ಗುಂಡಿ ಒತ್ತೋಕೆ ಮೊದಲೇ ಕಿವಿ ಹಚ್ಚಿದ್ರಿ. ಸದ್ದು ಸಣ್ಣಗಿರುತ್ತೆ ಅಂತ ಒತ್ತೋ ಮೊದಲೇ ಯಾರಿಗೆ ಗೊತ್ತಿರುತ್ತೆ?”

ಅವನು ಸ್ಟೂಲು ಎಳೆದು ಕೂತ.

“ಗಡಿಯಾರದಂಗಡಿ ಮೇಲೆ, ಮೊದಲ ಮಹಡೀಲಿ ಒಂದು ಮಗು. ಎದೆ ಆಪರೇಷನ್ ಆಗಿದೆ. ಟಕ್ ಅಂದ್ರೆ ಬೆಚ್ಚಿಬಿದ್ದು ಅಳುತ್ತೆ. ತಾಯಿ ಹತ್ತು ದಿನದಿಂದ ಕಣ್ಣು ಮುಚ್ಚಿಲ್ಲ, ನನ್ನ ಕೈ ಹಿಡ್ಕೊಂಡು ಅತ್ತಳು. ನಾನು ಪೂರ್ತಿ ನಿಲ್ಲಿಸಲಿಲ್ಲ ಮೇಡಂ. ಒಂಚೂರು ಮೆತ್ತಗೆ ಮಾಡಿದೆ, ಅಷ್ಟೇ. ಕೇಳಿಸದಿದ್ರೆ ಯಾರಾದ್ರೂ ನಿಂತ್ಕೊಳ್ತಾರೆ, ದಾಟಲ್ಲ ಅಂದ್ಕೊಂಡೆ.”

“ಪೂರ್ತಿ ನಿಲ್ಲಿಸಿದ್ರೆ ಅವನು ಅನುಮಾನಪಟ್ಟು ನಿಲ್ತಿದ್ದ. ನೀವು ಎರಡು ಸದ್ದನ್ನ ಒಂದೇ ಅಳತೆಗೆ ತಂದ್ರಿ. ಆಚೆ ಮೂಲೇದು ಬಡೀತು, ತನ್ನದೇ ಮೆತ್ತಗಾಗಿದೆ ಅಂತ ಇಳಿದ.”

“ಆ ತಾಯಿ ಎದುರಿಗೆ ನಿಂತಿದ್ದಳು,” ಎಂದ ಅವನು. “ಇವನು ಇರಲಿಲ್ಲ.”

ಆಕೆಗೆ ತನ್ನ ವರದಿಯ ಎರಡು ಪದ ನೆನಪಾದವು. ಅವನ್ನು ಸೇರಿಸುವಾಗ ಅವಳೆದುರೂ ಇವನು ಇರಲಿಲ್ಲ. ಬಟ್ಟೆಯ ತುಂಡನ್ನು ಅವನತ್ತ ಸರಿಸಿದಳು.

“ಬಟ್ಟೆ ಅಂಟಿಸಿದ್ದನ್ನ ಕರುಣೆ ಅಂತಲೇ ಅನ್ನೋಣ. ಅವನು ರಸ್ತೇಲಿ ಬಿದ್ದ ಮೇಲೆ ‘ನಾಲ್ಕೂ ಸರಿ’ ಅಂತ ಬರೆದ್ರಲ್ಲ, ಅದಕ್ಕೇನನ್ನೋಣ?”

ಅವನು ಜೇಬಿನಿಂದ ಕೀಲಿ ತೆಗೆದು ಬಟ್ಟೆಯ ಪಕ್ಕ ಇಟ್ಟ.

*

ಆಸ್ಪತ್ರೆಯಲ್ಲಿ ಆಕೆ ಎಲ್ಲವನ್ನೂ ಹೇಳಿದಳು. ತಾನು ಬರೆದಿದ್ದನ್ನೂ, ಅದನ್ನು ಹೊಡೆದುಹಾಕಿದ್ದನ್ನೂ.

“ಅಂದ್ರೆ ನಾನು ಕೇಳಿಸ್ಕೊಂಡಿದ್ದು ನಿಜ,” ಎಂದ ಅವನು.

“ನಿಜ. ಸುಳ್ಳಾಗಿದ್ದು ಪೆಟ್ಟಿಗೆ.”

“ಆ ಮಗು ಹೇಗಿದೆ ಈಗ?”

“ರಸ್ತೆ ಕಡೆಯ ಕೋಣೆ ಬಿಟ್ಟು ಪಕ್ಕದ ಮನೆಯ ಹಿಂದಿನ ಕೋಣೇಲಿ ಮಲಗಿಸಿದ್ದಾರೆ. ಆ ಕೋಣೆ ಬಿಟ್ಟುಕೊಡಿ ಅಂತ ಮೊದಲೇ ಆ ಮನೆಯವರನ್ನ ಕೇಳಿದ್ರೆ ಸಾಕಾಗಿತ್ತಂತೆ. ಯಾರೂ ಕೇಳಿರಲಿಲ್ಲ.”

ಅಕ್ಕ ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಪ್ಲಾಸ್ಟರ್ ತೆಗೆದ ಮೇಲೆ ಮೊದಲ ದಿನ ನಾನೂ ಬರ್ತೀನಿ. ಹತ್ತು ಹೆಜ್ಜೆ ಹಿಂದೆ.”

“ಇಪ್ಪತ್ತು.”

“ಹದಿನೈದು. ಹೆಚ್ಚು ಮಾತಾಡಿದ್ರೆ ಅದೂ ಇಲ್ಲ.”

“ಆಯ್ತು,” ಎಂದ ಅವನು. “ಆದ್ರೆ ಚಪ್ಪಲಿ ಸದ್ದು ಮಾಡ್ಬೇಡ. ನಂಗೆ ರಸ್ತೆ ಕೇಳಿಸ್ಬೇಕು.”