ಗಾಜಿನ ಆ ತುದಿಯಲ್ಲಿ

"ಹಿಡೀರಿ! ಯಾರಾದ್ರೂ ಅವಳನ್ನ ಹಿಡೀರಿ!"

ಅಪ್ಪ ಕೂಗಿ ಮುಗಿಸುವಷ್ಟರಲ್ಲಿ ಅವಳು ಗಾಜಿನಂಗಡಿಯ ಹೊಸ್ತಿಲಲ್ಲಿ ಬಿದ್ದಾಗಿತ್ತು. ಬಲಗಾಲಿನ ಬೆರಳು ಮತ್ತೆ ಎಡವಿತ್ತು.

ಎದುರಿಗೇ ಒಬ್ಬ ಎತ್ತರದ ಯುವಕ ನಿಂತಿದ್ದ. ಅಂದು ತಾನೇ ಕೆಲಸಕ್ಕೆ ಸೇರಿದವನು. ಅವಳು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದ. ಆದರೂ ಕದಲಲಿಲ್ಲ! ಆಳೆತ್ತರದ ಗಾಜಿನ ಒಂದು ತುದಿ ಅವನ ಕೈಯಲ್ಲಿತ್ತು, ಇನ್ನೊಂದು ತುದಿ ಅಪ್ಪನ ಕೈಯಲ್ಲಿ.

"ಯಜಮಾನ್ರೇ, ಮೊದಲು ಇದನ್ನ ಇಳಿಸೋಣ" ಎಂದವನು, ಗಾಜನ್ನು ನಿಧಾನವಾಗಿ ಸ್ಟ್ಯಾಂಡಿಗೆ ಒರಗಿಸಿ ಆಮೇಲೆ ಅವಳತ್ತ ಬಂದ.

"ಪೆಟ್ಟಾಯ್ತಾ?"

"ಇಷ್ಟು ಬೇಗ ಬಂದ್ರಲ್ಲ, ದೊಡ್ಡ ಉಪಕಾರ!"

"ಬಿಟ್ಟು ಓಡಿಬಂದಿದ್ರೆ ಗಾಜು ನಿಮ್ಮ ಮೇಲೇ ಬೀಳ್ತಿತ್ತು." ಅವನು ಬಾಗಿ ಅವಳ ಮುಖ ನೋಡಿದ. "ಏಳೋಕೆ ಕೈ ಕೊಡ್ಲಾ, ಬೇಡ್ವಾ?"

ಅವಳು ತಬ್ಬಿಬ್ಬಾದಳು. ಒಂದು ವರ್ಷದಿಂದ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಕೇಳದೆಯೇ ರಟ್ಟೆ ಹಿಡಿದು ಎತ್ತುವವರೇ ಎಲ್ಲರೂ.

"ಬೇಡ."

"ಸರಿ" ಎಂದು ಪಕ್ಕಕ್ಕೆ ಸರಿದು ನಿಂತುಬಿಟ್ಟ!

ಅವಳು ಬಾಗಿಲು ಹಿಡಿದು ತಾನೇ ಎದ್ದಳು. ಮೈಯೆಲ್ಲ ಉರಿಯುತ್ತಿತ್ತು... ಒಳಗೆಲ್ಲೋ ಹಿತವಾಗಿಯೂ ಇತ್ತು. ಎರಡೂ ಒಟ್ಟಿಗೆ ಹೇಗೆ ಎಂದು ನನ್ನನ್ನು ಕೇಳಬೇಡಿ, ಅವಳಿಗೇ ಗೊತ್ತಿರಲಿಲ್ಲ.

ಕಳೆದ ವರ್ಷದ ತನಕ ಅವನು ಹಿಡಿದಿದ್ದ ಆ ತುದಿ ಅವಳದಾಗಿತ್ತು. ಮುಂದೆ ಮಗಳು, ಹಿಂದೆ ಅಪ್ಪ. ಬಾಗಿಲಗಲದ ಕನ್ನಡಿಯನ್ನೂ ಇಬ್ಬರೂ ಮಾತಿಲ್ಲದೆ ಸಾಗಿಸುತ್ತಿದ್ದರು. ಒಂದು ದಿನ ಒಡೆದ ಗಾಜಿನ ಚೂರು ಅವಳ ಮಂಡಿಯ ಕೆಳಗೆ, ಹೊರಬದಿಯಲ್ಲಿ ಸೀಳಿತು. ಗಾಯ ಮಾಯಿತು. ಒಳಗಿನ ನರ ಮಾಯಲಿಲ್ಲ. ಡಾಕ್ಟರು ಇದಕ್ಕೆ ಫುಟ್ ಡ್ರಾಪ್ ಅನ್ನುತ್ತಾರೆ ಎಂದರು. ಪಾದವನ್ನು ಮೇಲಕ್ಕೆತ್ತುವ ಶಕ್ತಿ ಹೋಗಿದೆ, ಎಷ್ಟು ಮರಳುತ್ತದೋ ಕಾದು ನೋಡಬೇಕು.

ಜೋತುಬಿದ್ದ ಪಾದ ನೆಲಕ್ಕೆ ಉಜ್ಜದಿರಲೆಂದು ಅವಳು ಪ್ರತಿ ಹೆಜ್ಜೆಗೂ ಮಂಡಿಯನ್ನು ಎತ್ತರಕ್ಕೆ ಎತ್ತಬೇಕು. ಇಟ್ಟಾಗ ಪಾದ 'ಟಪ್' ಎಂದು ಬಡಿಯುತ್ತದೆ. ಪಾದದ ಮೇಲ್ಭಾಗ ಮರಗಟ್ಟಿರುವುದರಿಂದ ಚಪ್ಪಲಿ ಜಾರಿಹೋದದ್ದೂ ತಿಳಿಯುವುದಿಲ್ಲ. ಹಾಗಾಗಿ ಯಾವಾಗಲೂ ಶೂ, ಅದರೊಳಗೆ ಪಾದ ಎತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿ. ಅವಸರದಲ್ಲಿ ಅದನ್ನು ಹಾಕದೆ ಬಂದದ್ದಕ್ಕೇ ಅಂದು ಬಿದ್ದದ್ದು. ಸಂಜೆ ಪಟ್ಟಿ ಬಿಚ್ಚಿ, ಚರ್ಮ ಎಲ್ಲಾದರೂ ಕೆಂಪಾಗಿದೆಯೇ ಎಂದು ನೋಡಿಕೊಳ್ಳುವುದು ಮುಖ ತೊಳೆಯುವಷ್ಟೇ ಮಾಮೂಲಾಗಿತ್ತು.

ಇವೆಲ್ಲ ರೂಢಿಯಾಗಿತ್ತು. ರೂಢಿಯಾಗದ್ದು ಅಪ್ಪನ ಒಂದೇ ಮಾತು.

"ನೀನು ಕೂತ್ಕೋ ಮಗಳೇ. ಫೋನ್ ಬಂದ್ರೆ ಎತ್ಕೋ, ಸಾಕು."

ಕೂತ್ಕೋ, ಕೂತ್ಕೋ... ಅಪ್ಪನ ಪ್ರೀತಿಯೇ ಅವಳನ್ನು ಆ ಕುರ್ಚಿಗೆ ಕಟ್ಟಿಹಾಕಿತ್ತು.

ಹೊಸಬನನ್ನು ಅವನ ಎತ್ತರ ನೋಡಿ ಎಲ್ಲರೂ ಲಂಬು ಅನ್ನುತ್ತಿದ್ದರು. ಹೊರುವುದರಲ್ಲಿ ಗಟ್ಟಿಗ, ಕತ್ತರಿಸುವುದರಲ್ಲಿ ಸೊನ್ನೆ. ಕಲಿಸುವ ಕೆಲಸ ಅವಳ ಪಾಲಿಗೆ ಬಂತು.

"ಕಟ್ಟರ್‌ನಲ್ಲಿ ಒಂದೇ ಸಲ ಗೀರಬೇಕು. ಅದೇ ಗೆರೆ ಮೇಲೆ ಇನ್ನೊಂದ್ಸಲ ಹೋದ್ರೆ ಗಾಜು ಮುನಿಸ್ಕೊಳ್ಳುತ್ತೆ."

"ನಿಮ್ಮ ಹಾಗಾ?"

"ಕೆಲಸ ನೋಡಿ!" ಎಂದು ಗದರಿದಳು. ತುಟಿ ಮಾತ್ರ ಅವಳ ಮಾತು ಕೇಳದೆ ನಕ್ಕುಬಿಟ್ಟಿತು.

ದಿನ ಕಳೆದಂತೆ, ಬೆಳಿಗ್ಗೆ ಅವನ ಸೈಕಲ್ ಬೆಲ್ಲು ಕೇಳುವ ತನಕ ಫೋನಿನಲ್ಲಿ ಯಾರು ಏನು ಹೇಳಿದರೂ ಅವಳ ತಲೆಗೆ ಹೋಗದಾಯಿತು. 'ಛೆ, ಇದೇನು ಹುಚ್ಚು!' ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ಹೋಗುವ ಹುಚ್ಚೇ ಅದು?

ಒಂದು ಮಧ್ಯಾಹ್ನ ಅವನು ಕೇಳಿದ. "ಮತ್ತೆ ಗಾಜು ಹೊರಬೇಕು ಅನ್ಸಲ್ವಾ ನಿಮಗೆ?"

"ದಿನಾ ಅನ್ಸುತ್ತೆ. ತೋಳಲ್ಲಿ ಬಲ ಇದೆ. ಪಟ್ಟಿ ಹಾಕ್ಕೊಂಡ್ರೆ ಬೀಳೋದೂ ಇಲ್ಲ. ಆದ್ರೆ ಹೊರೋ ಇಬ್ಬರ ಹೆಜ್ಜೆ ಒಂದೇ ಆಗಿರ್ಬೇಕು, ಇಲ್ದಿದ್ರೆ ಗಾಜು ತಿರುಚಿ ಒಡೆಯುತ್ತೆ. ನನ್ನ ಈ ಹೆಜ್ಜೆಗೆ ಯಾರು ಹೊಂದ್ತಾರೆ ಹೇಳಿ?"

ಅವನು ಅವಳ ಶೂ ಕಡೆ ಒಮ್ಮೆ ನೋಡಿ ಮತ್ತೆ ಕಟ್ಟರ್ ಎತ್ತಿಕೊಂಡ.

ಅದಾದ ಕೆಲವು ದಿನಗಳಲ್ಲಿ, ಹಿತ್ತಲಿನಿಂದ ನಗು ಕೇಳಿಸಿತು. ಅವಳು ಎದ್ದು ಹೋದಳು. ಗಾಜು ಜೋಡಿಸಿದ ಎತ್ತರದ ಪೆಟ್ಟಿಗೆಗಳು ಅಡ್ಡವಿದ್ದವು. ಅವುಗಳ ಕೆಳಗಿನ ಸಂದಿಯಲ್ಲಿ ಕಾಲುಗಳಷ್ಟೇ ಕಾಣುತ್ತಿದ್ದವು. ಲಂಬುವಿನ ಉದ್ದ ಕಾಲುಗಳು! ಬಲಮಂಡಿ ಎತ್ತರಕ್ಕೆ ಏರುತ್ತಿತ್ತು. ಪಾದ ಜೋತುಬೀಳುತ್ತಿತ್ತು. ಆಮೇಲೆ... ಟಪ್.

"ಈಗ ನೋಡು, ಸರಿ ಬಂತಾ?" ಅವನ ದನಿ.

"ಥೇಟ್ ಅಕ್ಕನ ಹಾಗೇ!" ಎಂದು ಅಂಗಡಿಯ ಟೆಂಪೋ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ಅಲ್ಲಿಂದಲೇ ಹಿಂದಿರುಗಿದಳು. ಬೀದಿಯಲ್ಲಿ ಜನ ತಿರುಗಿ ನೋಡುತ್ತಿದ್ದರು, ಅದನ್ನು ಅವಳು ನುಂಗಿಕೊಂಡಿದ್ದಳು. ಆದರೆ ಇವನು? ಕೈ ಕೊಡಲಾ ಎಂದು ಕೇಳಿದ್ದ ಇವನೇ?

ಮರುದಿನ ಅವನು ಕಟ್ಟರ್ ಹಿಡಿದು ಬಂದಾಗ ಅವಳು ತಲೆ ಎತ್ತಲಿಲ್ಲ.

"ಇನ್ನು ನನ್ನ ಹತ್ರ ಬರ್ಬೇಡಿ. ಕಲಿಯೋದಿದ್ರೆ ಅಪ್ಪನ ಹತ್ರ ಕಲೀರಿ."

"ನಾನೇನು ತಪ್ಪು ಮಾಡ್ದೆ?"

"ನಿಮಗೇ ಗೊತ್ತು."

ಅವನು ಪೆಚ್ಚಾಗಿ ನಿಂತ, ಮತ್ತೆ ಹೊರಟುಹೋದ. ಅವನು ಹೋದದ್ದಕ್ಕೂ ಅವಳಿಗೆ ಸಿಟ್ಟು ಬಂತು. ಇದ್ದಿದ್ದರೂ ಬರುತ್ತಿತ್ತು ಬಿಡಿ.

ಆ ವಾರ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಆಗಲೇ ಅಪ್ಪನ ಸೊಂಟ ಹಿಡಿದುಕೊಂಡಿತು. ಎದುರು ಬೀದಿಯ ಹೊಸ ಸಲೂನಿಗೆ ಗೋಡೆಯಗಲದ ಕನ್ನಡಿ ಅಂದೇ ಹೋಗಬೇಕಿತ್ತು. ಡ್ರೈವರ್ ಗಾಜು ಮುಟ್ಟುವವನಲ್ಲ.

"ಇವರು ಹಿಡೀತಾರೆ" ಎಂದ ಲಂಬು, ಅವಳತ್ತ ತಿರುಗಿ.

ಅಪ್ಪ ಬೆಂಚಿನ ಮೇಲಿಂದಲೇ ಹೌಹಾರಿದರು. "ತಲೆ ಕೆಟ್ಟಿದೆಯೇನೋ? ಅವಳ ಕಾಲು..."

ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಕಾಲು! ಇವರಿಗೆ ನನ್ನ ಕಾಲು ಚೆನ್ನಾಗಿ ಗೊತ್ತು ಅಪ್ಪ. ಹಿತ್ತಲಲ್ಲಿ ನನ್ನ ಹಾಗೇ ನಡೆದು ತೋರಿಸಿ ನಗ್ತಾರೆ. ನಾನೇ ಕಣ್ಣಾರೆ ನೋಡ್ದೆ!"

ಲಂಬುವಿನ ಮುಖ ಬಿಳಿಚಿಕೊಂಡಿತು. "ಅಯ್ಯೋ... ಅದಕ್ಕಾ ಇಷ್ಟು ದಿನ...?" ಎಂದವನು ಹಿತ್ತಲಿಗೆ ಓಡಿ, ಮರದ ಖಾಲಿ ಚೌಕಟ್ಟೊಂದನ್ನು ಎತ್ತಿಕೊಂಡು ಬಂದ. ಕನ್ನಡಿಯಷ್ಟೇ ಅಗಲದ್ದು.

"ಕಾಲು ಮಾತ್ರ ನೋಡಿದ್ರಿ ನೀವು. ಕೈಯಲ್ಲಿ ಇದಿತ್ತು. ಒಂದೇ ಒಂದ್ಸಲ ಹಿಡೀರಿ. ಆಮೇಲೆ ಬೇಕಾದ್ರೆ ಕೆಲಸ ಬಿಟ್ಟು ಹೋಗ್ತೀನಿ."

ಹಿಡಿಯಲೇಬಾರದು ಅಂದುಕೊಂಡಳು... ಆದರೆ ಕೈ ಒಂದು ವರ್ಷದಿಂದ ಹಸಿದಿತ್ತು. ಮುಂದಿನ ತುದಿ ಹಿಡಿದಳು. ಒಂದು ಹೆಜ್ಜೆ ಇಟ್ಟಳು. ಬಲಮಂಡಿ ಎತ್ತಿದಳು. ಹಿಂದೆ ಅವನ ಮಂಡಿಯೂ ಅಷ್ಟೇ ಎತ್ತರಕ್ಕೆ ಏರಿತು. ಟಪ್. ಎರಡು ಪಾದಗಳದ್ದೂ ಒಂದೇ ಸದ್ದು. ಚೌಕಟ್ಟು ಓಲಾಡಲಿಲ್ಲ, ತಿರುಚಲಿಲ್ಲ. ಅಂಗಡಿಯ ಆ ಗೋಡೆಯ ತನಕ ನಡೆದರು, ತಿರುಗಿ ಬಂದರು.

ಅವಳ ಕಣ್ಣು ಮಂಜಾಯಿತು.

"ಅಣ್ಣ ದಿನಾ ಇದನ್ನೇ ಮಾಡ್ತಿದ್ದ ಅಕ್ಕ" ಎಂದು ಡ್ರೈವರ್ ತಲೆ ಕೆರೆದುಕೊಂಡ. "ಸರಿ ಬಂತಾ ಅಂತ ನೋಡೋಕೆ ನಾನು. ನಗು ತಡೆಯೋಕಾಗ್ಲಿಲ್ಲ, ನನ್ನ ಬಾಯಿಗಿಷ್ಟು!"

ಅಪ್ಪ ಮಗಳ ಮುಖ ನೋಡಿದರು. ಆಮೇಲೆ ಸೊಂಟ ಹಿಡಿದುಕೊಂಡೇ ಎದ್ದು, ಗೋಡೆಯ ಮೊಳೆಯಿಂದ ಅವಳ ಹಳೆಯ ಕೈಗವಸುಗಳನ್ನು ತೆಗೆದು, ಧೂಳು ಕೊಡವಿ, ಅವಳತ್ತ ಚಾಚಿದರು.

ಕನ್ನಡಿ ಬೀದಿ ದಾಟಿತು. ಡ್ರೈವರ್ ಎರಡೂ ಕೈ ಎತ್ತಿ ವಾಹನಗಳನ್ನು ನಿಲ್ಲಿಸಿದ. "ಮೆಟ್ಟಿಲು" ಎಂದಳು ಅವಳು. "ಹ್ಞೂಂ" ಎಂದ ಅವನು. "ಎಡಕ್ಕೆ." "ಬಂದೆ." ಕನ್ನಡಿಯೊಳಗೆ ಇಬ್ಬರೂ ಮಂಡಿಯೆತ್ತಿ ನಡೆಯುವುದು ಕಂಡು ಅವಳಿಗೆ ನಗು ಒತ್ತರಿಸಿ ಬಂತು. ನಕ್ಕರೆ ಗಾಜು ಅಲುಗುತ್ತದೆಂದು ತುಟಿ ಕಚ್ಚಿ ಹಿಡಿದಳು. ಗೋಡೆಗೆ ಕೂರಿಸಿ ಕೈಬಿಟ್ಟ ಮೇಲೆಯೇ ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು.

ಹೊರಗೆ ಬಂದ ಮೇಲೆ ಕೇಳಿದಳು. "ಮೊದಲೇ ಯಾಕೆ ಹೇಳಲಿಲ್ಲ?"

"ಪಾಪ ಅಂತ ಮಾಡ್ತಿದ್ದಾನೆ ಅಂದ್ಕೋತೀರೇನೋ ಅಂತ ಭಯ."

"ಪಾಪ ಅಲ್ದಿದ್ರೆ ಇನ್ನೇನು?"

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಗಿತ್ತು. "ಆ ತುದೀಲಿ ನೀವಿರಬೇಕು ಅಂತ ಆಸೆ. ಬರೀ ಗಾಜು ಹೊರುವಾಗ ಅಲ್ಲ... ಯಾವಾಗ್ಲೂ."

ಇಬ್ಬರೂ ಅಂಗಡಿಯ ಕಡೆ ಹೊರಟರು. ಕೈ ಖಾಲಿಯಿತ್ತು. ಆದರೂ ಅವನ ಬಲಮಂಡಿ ಅವಳ ಮಂಡಿಯ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು.

"ಕನ್ನಡಿ ಇಳಿಸಾಯ್ತಲ್ಲ. ಇನ್ನೂ ಯಾಕೆ ಹಾಗೆ ನಡೀತಿದ್ದೀರಿ?"

"ನಿಮ್ಮ ಜೊತೆ ನಡೆಯುವಾಗ ಹೀಗೇ ಇರಲಿ ಅಂತ..."

"ಬೇಡ." ಅವಳು ನಿಂತಳು. ಕೈಗವಸು ಕಳಚಿ, ಮೊದಲ ಸಲ ತಾನಾಗಿಯೇ ಅವನ ಕೈ ಹಿಡಿದಳು. "ನಿಮ್ಮ ಹೆಜ್ಜೆ ನೀವು ಹಾಕಿ. ನನ್ನದು ನಾನು ಹಾಕ್ತೀನಿ."

"ಹೆಜ್ಜೆ ಹೊಂದದಿದ್ರೆ?"

"ಹೊಂದದಿದ್ರೆ ಒಡೆಯೋದು ಗಾಜು. ನಾವು ಗಾಜಾ?"