ಚಾಮರಾಜಪೇಟೆಯ ಸುಟ್ಟ ರಿಸೀವರ್

"ಅಮ್ಮಾ, ನಾನು ಕಳ್ಳಿ ಅಲ್ಲ ಅಂತ ಹೇಳ್ಕೊಳ್ಳೋಕೆ ಬಂದಿಲ್ಲ. ಕಳ್ಳ ಯಾರು ಅಂತ ಕೇಳೋಕೆ ಬಂದಿದೀನಿ."

ಹಳೆಯ ಸೀರೆಯಲ್ಲಿ ಸುತ್ತಿದ ಭಾರದ ಪೆಟ್ಟಿಗೆಯೊಂದನ್ನು ಜಗಲಿಯ ಮೇಲೆ ಧೊಪ್ಪನೆ ಇಳಿಸಿ ಶಿವಕುಮಾರಿ ಹೀಗೆಂದಾಗ, ಕಾಫಿ ಲೋಟ ಹಿಡಿದು ಕುಳಿತಿದ್ದ ಶಂಭುಲಿಂಗಪ್ಪನವರಿಗೆ ಆಕೆ ತಕ್ಷಣ ಹಿಡಿಸಿಬಿಟ್ಟಳು. ಅಳುತ್ತಾ ಬರುವವರನ್ನು ಆ ಜಗಲಿಯ ಮೇಲೆ ಅವರು ಬೇಕಾದಷ್ಟು ನೋಡಿದ್ದರು. ಜಗಳಕ್ಕೆ ಬಂದವರಂತೆ ಬಂದು ಸಹಾಯ ಕೇಳಿದವಳು ಇವಳೊಬ್ಬಳೇ.

ಬಸವನಗುಡಿಯ ಆ ಮನೆ ಭಾಗೀರಥಮ್ಮನವರದು. ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದ ಆಕೆ, ಕೆಲಸದಲ್ಲಿದ್ದಷ್ಟು ಕಾಲವೂ ನ್ಯಾಯಾಧೀಶರ ಪೀಠದ ಕೆಳಗೆ ಕುಳಿತು ಊರಿನ ಸುಳ್ಳುಗಳನ್ನೆಲ್ಲ ಕೇಳಿಸಿಕೊಂಡವರು. ನಿವೃತ್ತರಾದ ಮೇಲೆ ಸುಳ್ಳಿಲ್ಲದೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಸುತ್ತಮುತ್ತ ಏನೇ ಕಳ್ಳತನ, ಮೋಸ ನಡೆದರೂ ಜನ ಪೊಲೀಸರಿಗಿಂತ ಮೊದಲು ಇಲ್ಲಿಗೆ ಬರುತ್ತಿದ್ದರು. ಹಿಂದಿನ ಭಾಗದಲ್ಲಿ ಬಾಡಿಗೆಗಿದ್ದ ನಿವೃತ್ತ ಕನ್ನಡ ಮೇಷ್ಟ್ರು ಶಂಭುಲಿಂಗಪ್ಪ ಪ್ರತಿಯೊಂದು ಪ್ರಕರಣಕ್ಕೂ ಅವರ ಜೊತೆಗಾರ. ಭಾಗೀರಥಮ್ಮನವರ ಬುದ್ಧಿಯ ಮೇಲೆ ಮೇಷ್ಟ್ರಿಗೆ ಅಪಾರ ನಂಬಿಕೆ. ತಮ್ಮ ಬುದ್ಧಿಯ ಮೇಲೂ ಅಷ್ಟೇ ನಂಬಿಕೆ, ಪ್ರತಿ ಸಲವೂ ಅದು ಕೈಕೊಟ್ಟಿದ್ದರೂ ಕೂಡ.

"ಮೊದಲು ಕೂತ್ಕೋಮ್ಮ. ಏನಿದು?" ಎಂದರು ಭಾಗೀರಥಮ್ಮ.

"ಹೋಮ್ ಥಿಯೇಟರ್ ರಿಸೀವರ್. ರೇಡಿಯೋ ಇದರೊಳಗೇ ಇದೆ. ಟಿವಿ, ಡಿವಿಡಿ ಸೌಂಡೆಲ್ಲ ಇದಕ್ಕೆ ಬಂದು, ಇಲ್ಲಿಂದ ಸ್ಪೀಕರ್‌ಗಳಿಗೆ ಹೋಗುತ್ತೆ. ಶಂಕರಪುರದ ವೆಂಕಟಾಚಲ ಸಾರ್ ನನ್ನ ಅಂಗಡೀಲಿ ತಗೊಂಡಿದ್ದು."

ವೆಂಕಟಾಚಲ ಹೆಸರುವಾಸಿ ಪ್ರಿನ್ಸಿಪಾಲರು. ಅವರ ಅಳಿಯ ಅಭಿರಾಮ ಹಿಂದಿನ ವರ್ಷ ಕಂಪನಿಯ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದಾಗ ಇದೇ ಮಾದರಿಯ ರಿಸೀವರನ್ನು ಹೊತ್ತು ತಂದಿದ್ದ. ಇಲ್ಲಿನ ಅಂಗಡಿಗಳಲ್ಲಿ ಸಿಗುವುದೆಲ್ಲ ಕಸ ಎಂಬುದು ಅವನ ವಾದ. ಮಾವ ಕೇಳಲಿಲ್ಲ. ನಮ್ಮೂರಿನಲ್ಲೇ ಕೊಳ್ಳುತ್ತೇನೆಂದು ಹಟ ಹಿಡಿದು ಚಾಮರಾಜಪೇಟೆಯ 'ಮುನಿರಾಮಪ್ಪ ರೇಡಿಯೋ ಹೌಸ್'ಗೆ ಬಂದರು. ಮುನಿರಾಮಪ್ಪ ಶಿವಕುಮಾರಿಯ ತಂದೆ. ಅವರ ನಂತರ ಅಂಗಡಿಯನ್ನು ನಡೆಸುತ್ತಿದ್ದವಳು ಅವಳೇ.

"ಗಿರಾಕಿ ಮುಂದೇನೇ ಸೀಲ್ ಒಡೆದು, ಆಕಾಶವಾಣಿ ಹಾಕಿ ಕೇಳಿಸಿ ಕೊಡ್ತೀನಮ್ಮ. ಸಾರ್ ಖುಷಿಯಾಗಿ ತಲೆ ಆಡ್ಸಿದ್ರು. ನಮ್ಮ ಅಂಗಡಿ ಕೆಲಸದ ಓಬಳಪ್ಪ ಅವರ ಮನೆಗೆ ತಗೊಂಡೋಗಿ ಕೂಡಿಸಿ ಬಂದ. ಮೊನ್ನೆ ಹೊಗೆ ಬಂದು ಸುಟ್ಟೋಯ್ತಂತೆ. ಸಾರ್ ಇದನ್ನ ತಂದು ನನ್ನ ಅಂಗಡಿ ಮೆಟ್ಟಿಲ ಮೇಲಿಟ್ಟು, ರಸ್ತೆಗೆಲ್ಲ ಕೇಳೋ ಹಾಗೆ 'ಮೋಸದ ಅಂಗಡಿ' ಅಂದ್ರು."

"ಮೋಸ ಅನ್ನೋಕೆ ಆಧಾರ?"

ಶಿವಕುಮಾರಿ ಸೀರೆ ಬಿಚ್ಚಿ ಪೆಟ್ಟಿಗೆಯ ಬೆನ್ನು ತೋರಿಸಿದಳು. ನಂಬರು, ವೋಲ್ಟೇಜು ನಮೂದಿಸಿದ ಚೀಟಿ ಇರಬೇಕಾದ ಜಾಗ ಬೋಳಾಗಿತ್ತು. ವೈರಿನ ತುದಿಯಲ್ಲಿ ಪಿನ್ನಿರಲಿಲ್ಲ, ಕತ್ತರಿಸಿದ ಗುರುತಿತ್ತು. "ಚೀಟಿ ಇಲ್ಲ, ಹಾಗಾಗಿ ಡೂಪ್ಲಿಕೇಟ್ ಅಂತೆ. ಅಂಗಡೀಲಿ ಒಂದು ತೋರಿಸಿ, ಓಬಳಪ್ಪನ ಕೈಲಿ ಇನ್ನೊಂದು ಕಳಿಸಿದೆ ಅಂತೆ. ಬರೋ ವಾರ ರಿಸೀವರ್ ಕಂಪನಿಯವರು ಬರ್ತಾರೆ. ಈ ದೂರು ಹೀಗೇ ನಿಂತ್ರೆ ಡೀಲರ್‌ಶಿಪ್ ಕಿತ್ಕೋತಾರೆ. ಓಬಳಪ್ಪನ್ನ ತೆಗೆದುಹಾಕು, ವಿಷ್ಯ ಮುಗೀತು ಅಂತ ಎಲ್ಲರೂ ಬುದ್ಧಿ ಹೇಳ್ತಿದಾರೆ. ನಾನ್ಯಾಕಮ್ಮ ತೆಗೀಲಿ?"

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!" ಎಂದು ಮೇಷ್ಟ್ರು ಗುಡುಗಿದರು. ಭಾಗೀರಥಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ಶಂಕರಪುರದ ಮನೆಯಲ್ಲಿ ವೆಂಕಟಾಚಲ ಇಬ್ಬರನ್ನೂ ಗೌರವದಿಂದಲೇ ಬರಮಾಡಿಕೊಂಡರು, ಆದರೆ ಕೋಪ ಮೂಗಿನ ತುದಿಯಲ್ಲೇ ಇತ್ತು.

"ನನ್ನ ಅಳಿಯ ಮೊದಲೇ ಹೇಳಿದ್ದ ಭಾಗೀರಥಮ್ಮ. ನಾನು ಅವನ ಮಾತು ಮೀರಿ ಆ ಹುಡುಗಿ ಅಂಗಡಿಗೆ ಹೋದೆ. ಈಗ ಅವನ ಮುಂದೆ ತಲೆ ಎತ್ತೋ ಹಾಗಿಲ್ಲ."

"ಶುರುವಿಂದಲೂ ತೊಂದರೆ ಇತ್ತಾ?"

"ಇಲ್ಲ, ಮೊದಲು ಚೆನ್ನಾಗಿತ್ತು. ನಂಜನಗೂಡಿಗೆ ಒಂದು ಮದುವೆಗೆ ಹೋಗಿಬಂದ್ವಿ ನೋಡಿ, ಅವತ್ತಿಂದ ಕೆಡ್ತು. ಆಕಾಶವಾಣಿ ಹಾಕಿದ್ರೆ ಬುಸ್ ಬುಸ್ ಅಂತ ಒಡಕು ದನಿ. ಆರುನೂರ ಹತ್ತು ಅಂತ ಅಂಕಿ ತೋರ್ಸೋದು. ಒಂದು ಚೂರು ಮೇಲೆ ಒತ್ತಿದ್ರೆ ಪೂರ್ತಿ ಮಾಯ. ಜೊತೆಗೆ ಷೋಕೇಸಿನ ಹಿಂದೆ ದುಂಬಿ ಕೂತ ಹಾಗೆ ಗುಂಯ್ ಅಂತ ಶಬ್ದ."

"ಊರಲ್ಲಿಲ್ಲದಾಗ ಮನೆ ಕೀಲಿ?"

"ಒಂದು ಮಹಡಿ ಮನೆ ಮಾಯಣ್ಣನ ಹತ್ರ. ಇನ್ನೊಂದು ಮಗಳು-ಅಳಿಯನ ಹತ್ರ. ದೇವರಿಗೆ ದೀಪ ಹಚ್ಚಬೇಕಲ್ಲ."

ಮಾಯಣ್ಣನಿಗೆ ಈ ಮನೆಯ ಸದ್ದು ಕಂಡರೆ ಆಗದು, ಎರಡು ಸಲ ಜಗಳವೂ ಆಗಿತ್ತು ಎಂದು ತಿಳಿದೊಡನೆ ಮೇಷ್ಟ್ರ ಹುಬ್ಬು ಏರಿತು. ಅವರ ಮನಸ್ಸಿನಲ್ಲಿ ಪ್ರಕರಣ ಅಲ್ಲಿಗೇ ಮುಗಿದಿತ್ತು.

"ವೈರಿನ ಪಿನ್ನು ಯಾರು ಕತ್ತರಿಸಿದ್ದು?"

"ಅಭಿರಾಮನೇ. ಹೊಗೆ ಬಂದ ತಕ್ಷಣ ಫೋನ್ ಮಾಡಿದೆ, ಓಡಿಬಂದ ಪಾಪ. ಪಿನ್ನು ಕರಗಿ ಅಂಟ್ಕೊಂಡಿತ್ತಂತೆ. ಚೀಟಿ ಇಲ್ಲ ಅಂತ ಕಂಡುಹಿಡಿದಿದ್ದೂ ಅವನೇ."

ಭಾಗೀರಥಮ್ಮ ಷೋಕೇಸಿನ ಹಿಂದೆ ಇಣುಕಿದರು. ಗೌರಿಹಬ್ಬಕ್ಕೆಂದು ಅರ್ಧ ಗುಡಿಸಿ ಬಿಟ್ಟಿದ್ದ ಧೂಳಿನಲ್ಲಿ ಒಂದು ಚೌಕಾಕಾರದ ಗುರುತಿತ್ತು. ಅಲ್ಲಿ ಯಾವುದೋ ಭಾರದ ವಸ್ತು ಕೂತು, ಈಗ ಎದ್ದುಹೋಗಿತ್ತು. ಪಕ್ಕದಲ್ಲಿ ಎಂಥ ಪಿನ್ನನ್ನಾದರೂ ಹಿಡಿಸಿಕೊಳ್ಳುವ ಎಕ್ಸ್‌ಟೆನ್ಷನ್ ಬೋರ್ಡು ಬಿದ್ದಿತ್ತು. ಅದು ಎಲ್ಲಿಯೂ ಕರಗಿರಲಿಲ್ಲ. ಆಮೇಲೆ ಆಕೆ ಹಿತ್ತಲಿಗೆ ಹೋಗಿ, ಪಾತ್ರೆ ತೊಳೆಯುತ್ತಿದ್ದ ಮನೆಗೆಲಸದ ಸುಬ್ಬಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ಮಾತಾಡಿದರು. ಅಷ್ಟೂ ಹೊತ್ತು ಮೇಷ್ಟ್ರು ಒಳಗೆ ಪ್ರಿನ್ಸಿಪಾಲರ ಭಾಷಣ ಕೇಳಬೇಕಾಯಿತು.

ದಾರಿಯಲ್ಲಿ ಅಂಗಡಿ ಹೊಕ್ಕಾಗ ಓಬಳಪ್ಪ ಶಿವಕುಮಾರಿಯ ಮುಂದೆ ಕೈಕಟ್ಟಿ ನಿಂತಿದ್ದ. "ನಾನೇ ಕೆಲಸ ಬಿಟ್ಬಿಡ್ತೀನಿ ಅಕ್ಕ. ಅಪ್ಪಾವ್ರ ಅಂಗಡಿ ಉಳೀಲಿ" ಎನ್ನುತ್ತಿದ್ದ.

"ನೀನು ಬಿಟ್ರೆ ನಾವು ಕಳ್ಳರು ಅಂತ ನಾವೇ ಒಪ್ಕೊಂಡ ಹಾಗೆ. ಮುಚ್ಕೊಂಡು ಕೆಲಸ ನೋಡು" ಎಂದಳು ಶಿವಕುಮಾರಿ. ಅವಳ ಕಣ್ಣು ಮಾತ್ರ ಕೆಂಪಾಗಿತ್ತು. ಬೆಳಗಿನಿಂದ ಅಂಗಡಿಗೆ ಒಬ್ಬ ಗಿರಾಕಿಯೂ ಕಾಲಿಟ್ಟಿರಲಿಲ್ಲ.

"ಇದೇ ಮಾಡೆಲ್ ಇನ್ನೊಂದಿದ್ರೆ ಆಕಾಶವಾಣಿ ಹಾಕಮ್ಮ" ಎಂದರು ಭಾಗೀರಥಮ್ಮ.

ಶಿವಕುಮಾರಿ ಹಾಕಿದಳು. ಗಾಜಿನ ಮೇಲೆ ಆರುನೂರ ಹನ್ನೆರಡು ಎಂಬ ಅಂಕಿ ಹೊಳೆಯಿತು. ಪಿಟೀಲು ಸ್ವಚ್ಛವಾಗಿ ಕೇಳಿತು.

"ಈಗ ಇದನ್ನ ಆರುನೂರ ಹತ್ತರಲ್ಲಿ ನಿಲ್ಲಿಸು."

"ಆಗಲ್ಲಮ್ಮ. ಆರುನೂರ ಮೂರು, ಇಲ್ಲಾಂದ್ರೆ ಆರುನೂರ ಹನ್ನೆರಡು. ಆಮೇಲೆ ಇಪ್ಪತ್ತೊಂದು. ಒಂಬತ್ತೊಂಬತ್ತೇ ಹಾರೋದು. ನಮ್ಮ ದೇಶದ ಸ್ಟೇಷನ್‌ಗಳಿಗೆ ತಕ್ಕ ಹಾಗೆ ಮಾಡಿರ್ತಾರೆ."

ಭಾಗೀರಥಮ್ಮ ತಲೆಯಾಡಿಸಿ ಹೊರಟರು. ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಮಾಯಣ್ಣನ ಮೇಲಿನ ತಮ್ಮ ಅನುಮಾನವನ್ನು ಸಕಾರಣವಾಗಿ ವಿವರಿಸಿದರು. "ಸರಿ, ಮಲ್ಲೇಶ್ವರಕ್ಕೆ ಹೋಗೋಣ ಬನ್ನಿ" ಎಂಬುದೇ ಅವರಿಗೆ ಸಿಕ್ಕ ಉತ್ತರ.

ಅಭಿರಾಮನ ಮನೆ ಸಂಪಿಗೆ ರಸ್ತೆಯ ಹಿಂದಿನ ಓಣಿಯಲ್ಲಿತ್ತು. ಹೊಸ ಸೆಟ್ ಕೊಳ್ಳಲು ಸಲಹೆ ಬೇಕೆಂದು ಭಾಗೀರಥಮ್ಮ ಅಂದದ್ದೇ ತಡ, ಅವನು ಉಬ್ಬಿಹೋದ.

"ಲೋಕಲ್ ಅಂಗಡಿ ಸಹವಾಸ ಬೇಡ ಆಂಟಿ. ನಮ್ಮ ಮಾವನ ಗತಿ ಕೇಳಿದ್ರಲ್ಲ? ಇಲ್ಲಿ ನೋಡಿ, ಅಮೆರಿಕದಿಂದ ತಂದಿದ್ದು. ಮಾಡೆಲ್ ಒಂದೇ ಆದ್ರೂ ಮಾಲೇ ಬೇರೆ."

ಅವನು ಗುಂಡಿ ಒತ್ತಿದ. ವೀಣೆ ಕೋಣೆ ತುಂಬಿತು. ಪರದೇಶದ ಮಾಲನ್ನು ದ್ವೇಷಿಸಲೆಂದೇ ಬಂದಿದ್ದ ಮೇಷ್ಟ್ರೂ ಕಣ್ಣು ಮುಚ್ಚಿ ತಾಳ ಹಾಕಿಬಿಟ್ಟರು. ಭಾಗೀರಥಮ್ಮ ಮೊಣಕೈಯಲ್ಲಿ ತಿವಿದಾಗ ಕಣ್ಣು ಬಿಟ್ಟರೆ, ಎದುರಿಗೆ ಆರುನೂರ ಹನ್ನೆರಡು ಎಂಬ ಅಂಕಿ.

ಕಾಫಿ ತಂದ ಆರಾಧನಾ, ವೆಂಕಟಾಚಲರ ಮಗಳು, ಸಹಜವಾಗಿ ಅಂದಳು: "ಮೊದಲು ಇದರಲ್ಲಿ ಆಕಾಶವಾಣಿ ನೆಟ್ಟಗೆ ಬರ್ತಾನೇ ಇರ್ಲಿಲ್ಲ ಆಂಟಿ. ಅಪ್ಪ ಮದುವೆಗೆ ಹೋಗಿದ್ರಲ್ಲ, ಆವಾಗ ಇವರು ಕೂತು ಸರಿಮಾಡಿದ್ರು."

"ನಿನಗೇನು ಗೊತ್ತಾಗುತ್ತೆ, ಒಳಗೆ ಹೋಗು" ಎಂದ ಅಭಿರಾಮ. ಆರಾಧನಾ ಒಳಗೆ ಹೋಗಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ನಿಂತಳು.

ಕಂಪನಿಯ ಪ್ರತಿನಿಧಿ ಬಂದ ದಿನ ವೆಂಕಟಾಚಲರ ಹಜಾರದಲ್ಲಿ ಎಲ್ಲರೂ ಸೇರಿದರು. ಶಿವಕುಮಾರಿ, ಓಬಳಪ್ಪ ಒಂದು ಕಡೆ. ಮಾಯಣ್ಣ ಇನ್ನೊಂದು ಕಡೆ. ಬಾಗಿಲ ಬಳಿ ಸುಬ್ಬಮ್ಮ. ಅಭಿರಾಮ ಕಾಲ ಮೇಲೆ ಕಾಲು ಹಾಕಿ ಸೋಫಾದಲ್ಲಿ ಕೂತಿದ್ದ. ಆರಾಧನಾ ಆಟೋದಲ್ಲಿ ಒಬ್ಬಳೇ ಬಂದು, ತಮ್ಮ ಮನೆಯಿಂದ ಎತ್ತಿಕೊಂಡು ತಂದ ರಿಸೀವರನ್ನು ಮೇಜಿನ ಮೇಲಿಟ್ಟಾಗ ಅವನ ಕಾಲು ತಾನಾಗಿ ಕೆಳಗಿಳಿಯಿತು.

"ಇದನ್ಯಾಕೆ ತಂದೆ?"

"ಭಾಗೀರಥಮ್ಮ ಆಂಟಿ ಕೇಳಿದ್ರು. ಕೊಡಬಾರದು ಅನ್ನೋಕೆ ನನಗೆ ಕಾರಣ ಕಾಣ್ಲಿಲ್ಲ" ಎಂದಳು ಆರಾಧನಾ.

ಭಾಗೀರಥಮ್ಮ ಎದ್ದು ನಿಂತರು. "ಮೊದಲ ಪ್ರಶ್ನೆ, ಪೆಟ್ಟಿಗೆ ಬದಲಾಗಿದ್ದು ಯಾವಾಗ? ಅಂಗಡಿಯಿಂದ ಬರೋ ದಾರೀಲಿ ಅಂತ ಎಲ್ಲರೂ ಓಬಳಪ್ಪನ್ನ ಹಿಡಿದ್ರಿ. ಆದ್ರೆ ಈ ಮನೇಲಿ ಆಕಾಶವಾಣಿ ಮೊದಲು ಚೆನ್ನಾಗೇ ಬರ್ತಿತ್ತು. ನಂಜನಗೂಡಿಂದ ಬಂದ ಮೇಲೆ ಕೆಟ್ಟಿದ್ದು. ಓಬಳಪ್ಪ ಕೂಡಿಸಿ ಹೋದೋನು ತಿರುಗಿ ಈ ಕಡೆ ಬಂದಿಲ್ಲ. ಅಂದ್ರೆ ಬದಲಾಗಿದ್ದು ಇಲ್ಲೇ, ಬೀಗ ಹಾಕಿದ್ದಾಗ."

"ಹಾಗಾದ್ರೆ ಕೀಲಿ ಇದ್ದ ಮಾಯಣ್ಣ!" ಎನ್ನದೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಸದ್ದು ಬೇಡ ಅನ್ನೋನು ವೈರು ಕೀಳ್ತಾನೆ ಮೇಷ್ಟ್ರೇ. ಅದೇ ಥರದ ಇನ್ನೊಂದು ಪೆಟ್ಟಿಗೆ ಹುಡುಕಿ ತಂದು ಇಡ್ತಾನಾ? ಈಗ ಎರಡನೇ ಪ್ರಶ್ನೆ, ಬಂದ ಪೆಟ್ಟಿಗೆ ಎಲ್ಲೀದು? ವೆಂಕಟಾಚಲ ಅವರೇ, ನಿಮ್ಮದು ಆರುನೂರ ಹತ್ತು ತೋರಿಸ್ತಿತ್ತು. ನಮ್ಮ ದೇಶಕ್ಕೆ ಬರೋ ಈ ಸೆಟ್ಟು ಒಂಬತ್ತೊಂಬತ್ತು ಹಾರುತ್ತೆ, ಹತ್ತರಲ್ಲಿ ನಿಲ್ಲೋದೇ ಇಲ್ಲ. ಹಾಗಾದ್ರೆ ಯಾವುದು ನಿಲ್ಲುತ್ತೆ?"

ಉತ್ತರ ಹೇಳಿದ್ದು ಕಂಪನಿಯ ಪ್ರತಿನಿಧಿ. "ಅಮೆರಿಕದ್ದು ಮೇಡಂ. ಅಲ್ಲಿ ಸ್ಟೇಷನ್ನುಗಳು ಹತ್ತು ಹತ್ತರ ಅಂತರದಲ್ಲಿವೆ. ಆರುನೂರ ಹತ್ತು ಬಿಟ್ರೆ ಆರುನೂರ ಇಪ್ಪತ್ತು. ಹನ್ನೆರಡು ಅದಕ್ಕೆ ಸಿಗೋದೇ ಇಲ್ಲ. ಹತ್ತಿರ ನಿಂತು ಒಡಕಾಗಿ ಕೇಳುತ್ತೆ."

"ಅಮೆರಿಕದ ಸೆಟ್ಟಿಗೆ ನಮ್ಮ ಕರೆಂಟು ಜಾಸ್ತಿ. ಕರೆಂಟು ಇಳಿಸೋ ಟ್ರಾನ್ಸ್‌ಫಾರ್ಮರ್ ಬೇಕು. ಅದು ಗುಂಯ್ ಅನ್ನುತ್ತೆ. ಸುಬ್ಬಮ್ಮಾ, ಹೆದರಬೇಡ, ಹೇಳು."

ಸುಬ್ಬಮ್ಮ ಸೆರಗು ಹಿಂಡಿದಳು. "ಹಬ್ಬಕ್ಕೆ ಗುಡಿಸ್ತಿದ್ದೆ ಕಣಮ್ಮ. ಹಿಂದ್ಗಡೆ ಕರೀ ಡಬ್ಬ ಇತ್ತು, ಗುಂಡುಕಲ್ಲಿನಂಗೆ ಭಾರ. ಗುಡ್ಸೋಕೆ ಅಡ್ಡ ಅಂತ ಅದ್ರಿಂದ ರೇಡಿಯೋ ಪಿನ್ನು ಕಿತ್ತು ಈ ಬೋರ್ಡಿಗೇ ಹಾಕ್ದೆ. ಚಪ್ಪಟೆ ಪಿನ್ನು. ಸುಚ್ ಹಾಕಿದ್ದೇ ಬುಸ್ಸಂತ ಹೊಗೆ. ಅಳಿಯಂದಿರು ಬಂದು ಡಬ್ಬ ಎತ್ಕಂಡ್ರು. ಬಾಯಿ ಬಿಟ್ರೆ ಕೆಲಸ ಹೋಗುತ್ತೆ ಅಂದ್ರು."

"ಚಪ್ಪಟೆ ಪಿನ್ನು ಅಮೆರಿಕದ ಗುರುತು, ಅದಕ್ಕೇ ಕತ್ತರಿಸಬೇಕಾಯ್ತು. ಚೀಟೀಲಿ ವೋಲ್ಟೇಜು ಇತ್ತು, ಅದಕ್ಕೇ ಕಿತ್ತಿದ್ದು. ಕಿತ್ತಿದ್ದನ್ನೇ ಡೂಪ್ಲಿಕೇಟಿಗೆ ಸಾಕ್ಷಿ ಮಾಡ್ಕೊಂಡ. ಕೊನೇದು ಇದು." ಭಾಗೀರಥಮ್ಮ ಮೇಜಿನ ಮೇಲಿದ್ದ ರಿಸೀವರಿಗೆ ಕರೆಂಟು ಕೊಟ್ಟು ಗುಂಡಿ ಒತ್ತಿದರು. ಯಾವ ಟ್ರಾನ್ಸ್‌ಫಾರ್ಮರೂ ಇಲ್ಲದೆ ಅದರ ಗಾಜು ಬೆಳಗಿತು. ಆರುನೂರ ಹನ್ನೆರಡು. "ಅಮೆರಿಕದಿಂದ ಬಂದದ್ದು ಅಂತ ನೀನು ಹೊಗಳಿದ ಮಾಲು ಚಾಮರಾಜಪೇಟೇದು ಅಭಿರಾಮ. ಶಿವಕುಮಾರಿ ಅಂಗಡೀದು."

ಅಭಿರಾಮನ ಮುಖ ಬಿಳಿಚಿಕೊಂಡಿತ್ತು.

"ಅಷ್ಟು ದೂರದಿಂದ ತಂದಿದ್ದು... ಇಲ್ಲಿ ಸರಿಯಾಗಿ ಕೆಲಸ ಮಾಡ್ಲಿಲ್ಲ ಅಂತ ಹೇಗೆ ಹೇಳ್ಕೊಳ್ಲಿ ಮಾವ? ನೀವು ಪಕ್ಕದ ರಸ್ತೇಲಿ ತಗೊಂಡಿದ್ದು ಅಷ್ಟು ಚೆನ್ನಾಗಿ ಹಾಡ್ತಿತ್ತು. ಸುಡುತ್ತೆ ಅಂತ ಅಂದ್ಕೊಂಡಿರ್ಲಿಲ್ಲ." ಅವನು ತಲೆ ತಗ್ಗಿಸಿದ. "ಮನೆ ವಿಷ್ಯ, ಇಲ್ಲೇ ಮುಗಿಸಿಬಿಡೋಣ. ಕರೆಂಟ್ ಏರುಪೇರಿಂದ ಹೋಯ್ತು ಅಂದ್ರಾಯ್ತು. ಅವರಿಗೂ ತೊಂದರೆ ಇಲ್ಲ."

ಕಂಪನಿಯ ಪ್ರತಿನಿಧಿ ತನ್ನ ಕಡೆಯಿಂದ ದೂರು ಮುಗಿಯಿತೆಂದ. ಮಾಯಣ್ಣನೂ 'ಹೋಗ್ಲಿ ಬಿಡಿ' ಎಂದ. ಅಳಿಯನ ಮರ್ಯಾದೆ ಅಂದರೆ ಸಾಮಾನ್ಯವೇ? ಮೇಷ್ಟ್ರಿಗೆ ಮೈ ಉರಿಯಿತು, ಆದರೆ ಅವರಿಗಿಂತ ಮೊದಲು ಶಿವಕುಮಾರಿ ಎದ್ದಿದ್ದಳು.

"ಆಗಲ್ಲ ಸಾರ್. ನನ್ನನ್ನ ಮೋಸಗಾತಿ ಅಂದಿದ್ದು ಈ ಹಜಾರದಲ್ಲಲ್ಲ, ನಡುರಸ್ತೇಲಿ. ಓಬಳಪ್ಪನ ಹೆಂಡತಿ ನಲ್ಲಿ ಹತ್ರ ನೀರಿಗೆ ಹೋಗೋದು ಬಿಟ್ಟಿದಾಳೆ. ಡೀಲರ್‌ಶಿಪ್ ಇಟ್ಕೊಂಡು ನಾನೇನು ಮಾಡ್ಲಿ? ನನ್ನ ಹೆಸರು ನನಗೆ ವಾಪಸ್ ಬೇಕು."

ಅಭಿರಾಮ ಮಾವನತ್ತ ನೋಡಿದ. ಆರಾಧನಾ ಕೂಡ ನೋಡಿದಳು. ವೆಂಕಟಾಚಲ ಗೂಟದಲ್ಲಿದ್ದ ಶಲ್ಯ ತೆಗೆದುಕೊಂಡರು. "ನಡಿ ಅಭಿರಾಮ" ಎಂದರು.

ಸಂಜೆಯ ಗಿಜಿಗಿಜಿಯಲ್ಲಿ ಪ್ರಿನ್ಸಿಪಾಲರು ಅಂಗಡಿಯ ಮೆಟ್ಟಿಲು ಹತ್ತಿ ರಸ್ತೆಗೆ ಮುಖಮಾಡಿ ನಿಂತರು. ಪಕ್ಕದಲ್ಲಿ ಅಭಿರಾಮ ನೆಲ ನೋಡುತ್ತಿದ್ದ. ಹೂವಿನವರು, ಹಣ್ಣಿನ ಗಾಡಿಯವರು, ಅಕ್ಕಪಕ್ಕದ ಅಂಗಡಿಯವರು ತಿರುಗಿ ನೋಡಿದರು.

"ಈ ಅಂಗಡಿ ಮೋಸ ಮಾಡಿಲ್ಲ" ಎಂದರು ವೆಂಕಟಾಚಲ. ದನಿ ಅವತ್ತು ಬೈದಾಗಿನಷ್ಟು ದೊಡ್ಡದಿರಲಿಲ್ಲ. "ಮೋಸ ನಡೆದಿದ್ದು ನನ್ನ ಮನೇಲಿ. ಮಾಡಿದ್ದು ನನ್ನ ಅಳಿಯ. ಶಿವಕುಮಾರಿಯವರದು, ಓಬಳಪ್ಪನವರದು ಏನೂ ತಪ್ಪಿಲ್ಲ."

ಒಳಗೆ ಓಬಳಪ್ಪ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಇಷ್ಟು ಸಾಕು ಎಂದು ಶಂಭುಲಿಂಗಪ್ಪನವರಿಗೂ ಅನ್ನಿಸಿತು. ಶಿವಕುಮಾರಿ ಮಾತ್ರ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕದಲಲಿಲ್ಲ.

"ಇನ್ನೊಂದ್ಸಲ ಹೇಳಿ ಸಾರ್" ಎಂದಳು. "ರಸ್ತೆ ಆಚೆ ಬದಿಯವರಿಗೆ ಕೇಳಿಸ್ಲಿಲ್ಲ."